ಆಳದಿರುವ ಅರಸು: ಸಂವಿಧಾನಬದ್ಧ ಅರಸೊತ್ತಿಗೆಯನ್ನು ಕುರಿತ ವಾದಗಳು

ನ್ಯಾಯಾಧೀಶನ ಮಗನೆಂಬ ಕಾರಣದಿಂದ ಒಬ್ಬನು ನ್ಯಾಯಪೀಠವನ್ನೇರುವುದನ್ನಾಗಲಿ, ಸೇನಾಪತಿಯ ಮಗಳೆಂಬ ಕಾರಣದಿಂದ ಒಬ್ಬಳು ಸೈನ್ಯಕ್ಕೆ ಆಜ್ಞೆಮಾಡುವುದನ್ನಾಗಲಿ ಎಂದಿಗೂ ಒಪ್ಪದ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ನೆದರ್ಲೆಂಡ್ಸ್, ಬ್ರಿಟನ್, ಜಪಾನ್ ಮೊದಲಾದ ದೇಶಗಳು ರಾಷ್ಟ್ರದ ಅತ್ಯುನ್ನತ ಪೀಠವೊಂದನ್ನು ಮಾತ್ರ ಇಂದಿಗೂ ಒಂದು ಮನೆತನಕ್ಕೆ ಬಿಟ್ಟುಕೊಟ್ಟಿರುವುದು, ರಾಜ್ಯಶಾಸ್ತ್ರದ ವಿದ್ಯಾರ್ಥಿಯನ್ನು ಮೊದಲು ಬೆರಗುಗೊಳಿಸುವ, ಅನಂತರ ಬಹುಕಾಲ ಕಾಡುವ ಸಂಗತಿಗಳಲ್ಲೊಂದು. ಈ ದೇಶಗಳಲ್ಲಿ ಸರ್ಕಾರಗಳು ಜನಮತದಿಂದಲೇ ಏಳುತ್ತವೆ, ಜನಮತದಿಂದಲೇ ಬೀಳುತ್ತವೆ. ಪತ್ರಿಕೆಗಳು ಅರಮನೆಯನ್ನೂ ಬಿಡದೆ ಟೀಕಿಸುತ್ತವೆ. ಅಮೆರಿಕದ ಸಮಾಜಶಾಸ್ತ್ರಜ್ಞ ಸೀಮೋರ್ ಮಾರ್ಟಿನ್ ಲಿಪ್ಸೆಟ್ 1960ರಲ್ಲಿ ಹೊರಬಂದ ತಮ್ಮ ‘ಪೊಲಿಟಿಕಲ್ ಮ್ಯಾನ್’ ಗ್ರಂಥದಲ್ಲಿ ಯೂರೋಪಿನ ಮತ್ತು ಇಂಗ್ಲಿಷ್ ನುಡಿಯ ನಾಡುಗಳ ಸ್ಥಿರ ಪ್ರಜಾಪ್ರಭುತ್ವಗಳನ್ನು ಎಣಿಸಿ, ಹನ್ನೆರಡರಲ್ಲಿ ಹತ್ತು ಅರಸೊತ್ತಿಗೆಗಳೇ ಆಗಿರುವುದನ್ನು ಕಂಡು, ಅದನ್ನೊಂದು ಅಸಂಬದ್ಧವೆನಿಸುವ ಸತ್ಯವೆಂದು ಗುರುತಿಸಿದರು.

ಆ ಅಸಂಬದ್ಧತೆಗೆ ಅರ್ಥ ಹುಡುಕಲು ಎರಡು ಶತಮಾನಗಳಿಂದ ನಡೆದಿರುವ ವಾದಗಳನ್ನು ಇಲ್ಲಿ ಪರಿಶೀಲಿಸಬೇಕಾಗಿದೆ. ಸೌದಿ ಅರೇಬಿಯದಂತೆ ಅರಸನು ತಾನೇ ಆಳುವ ರಾಜ್ಯಗಳು ಈ ವಿಚಾರಕ್ಕೆ ಸೇರಿದವಲ್ಲ. ಲಿಖಿತ ಸಂವಿಧಾನವಿದ್ದೂ ರಾಜ್ಯದ ಸೂತ್ರವು ಅರಮನೆಯಲ್ಲಿಯೇ ಇರುವ ಮೊರಾಕೊ, ಜೋರ್ಡಾನ್‌ಗಳಂಥ ನಡುವಣ ಬಗೆಯನ್ನೂ ಬದಿಗಿರಿಸಿದ್ದೇನೆ. ಆಳುವ ಹಕ್ಕನ್ನು ಬಿಟ್ಟುಕೊಟ್ಟು, ಸಿಂಹಾಸನವನ್ನು ಉಳಿಸಿಕೊಂಡ ಅರಸರು ಮಾತ್ರ ನಮ್ಮ ವಿಷಯ.

ಸಿಂಹಾಸನದಿಂದ ಕಳಚಿದ ಅಧಿಕಾರ

ಅರಸನನ್ನು ಕಟ್ಟಳೆಗೆ ಒಳಪಡಿಸಬೇಕೆಂಬ ಆಲೋಚನೆ ಬಹು ಪುರಾತನವಾದುದು. ನಮ್ಮ ಅರ್ಥಶಾಸ್ತ್ರಕಾರರು ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿ, ಅರಸನನ್ನು ಅವುಗಳಲ್ಲಿ ಮೊದಲನೆಯದಾಗಿ, ಆದರೂ ಒಂದು ಅಂಗವಾಗಿಯೇ ಕಂಡರು. ಅವನ ಮೇಲೆ ಧರ್ಮವನ್ನಿರಿಸಿದರು. ಆದರೆ ಧರ್ಮವನ್ನು ಮೀರಿದ ಅರಸನನ್ನು ಕರೆದು ಕೇಳತಕ್ಕ ಸಭೆಯೊಂದು, ಬೊಕ್ಕಸದ ಮೇಲೆ ಹಿಡಿತವಿರುವ ಪ್ರತಿನಿಧಿಗಳ ಮಂಡಲಿಯೊಂದು, ಆ ವ್ಯವಸ್ಥೆಯಲ್ಲಿ ಸ್ಥಿರವಾಗಿ ನೆಲೆಗೊಳ್ಳಲಿಲ್ಲ. ಬಂಧನವಿತ್ತು, ಬಂಧಿಸುವ ಕೈ ಇರಲಿಲ್ಲ.

ಆ ಕೈಯನ್ನು ಇಂಗ್ಲೆಂಡು ಪಡೆದುಕೊಂಡದ್ದು ಯೋಜನೆಯಿಂದಲ್ಲ, ಕಲಹದಿಂದ. 1649ರ ಜನವರಿ 30ರಂದು ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾಯಿತು. ಹನ್ನೊಂದು ವರ್ಷಗಳ ಅರಸಿಲ್ಲದ ಆಳ್ವಿಕೆ ಕ್ರಾಮ್ವೆಲ್ಲನ ಸೈನಿಕಪ್ರಭುತ್ವದಲ್ಲಿ ಪರಿಣಮಿಸಿ, 1660ರಲ್ಲಿ ಜನರೇ ಹಳೆಯ ವಂಶವನ್ನು ಮರಳಿ ಕರೆದರು. 1688ರಲ್ಲಿ ಎರಡನೆಯ ಜೇಮ್ಸ್ ಓಡಿಹೋದ ಮೇಲೆ, ಪಾರ್ಲಿಮೆಂಟಿನ ಅನುಮತಿಯಿಲ್ಲದೆ ತೆರಿಗೆಯನ್ನೆತ್ತಲಾಗದು, ಕಾಯಿದೆಯನ್ನು ಅಮಾನತಿನಲ್ಲಿಡಲಾಗದು, ಶಾಂತಿಕಾಲದಲ್ಲಿ ಸೈನ್ಯವನ್ನು ಇಟ್ಟುಕೊಳ್ಳಲಾಗದು ಎಂಬ ನಿಬಂಧನೆಗಳು 1689ರ ಹಕ್ಕುಗಳ ಶಾಸನದಲ್ಲಿ ಸೇರಿದವು. 1701ರ ಉತ್ತರಾಧಿಕಾರ ಶಾಸನವಂತೂ ರಕ್ತಸಂಬಂಧದಲ್ಲಿ ಹತ್ತಿರದವರಾಗಿದ್ದ ಅನೇಕ ಕ್ಯಾಥೊಲಿಕರನ್ನು ದಾಟಿ ಹ್ಯಾನೋವರಿನ ಸೋಫಿಯಾಳ ಸಂತತಿಗೆ ಪಟ್ಟವನ್ನು ಗೊತ್ತುಮಾಡಿತು; ಅಂದಿನಿಂದ ಬ್ರಿಟಿಷ್ ಅರಸನು ಹುಟ್ಟಿನಿಂದ ಅರಸನಾಗುತ್ತಾನೆಂಬುದು ಅರ್ಧಸತ್ಯ ಮಾತ್ರ, ಯಾವ ಹುಟ್ಟು ಎಣಿಕೆಗೆ ಬರಬೇಕೆಂಬುದನ್ನು ನಿರ್ಧರಿಸುವುದು ಪಾರ್ಲಿಮೆಂಟು. 1708ರಲ್ಲಿ ಆ್ಯನ್ ರಾಣಿ ಸ್ಕಾಟ್ಲೆಂಡಿನ ದಳವನ್ನು ಕುರಿತ ಮಸೂದೆಗೆ ಅಂಕಿತ ನಿರಾಕರಿಸಿದುದೇ ಅಂಥ ನಿರಾಕರಣೆಗಳಲ್ಲಿ ಕಡೆಯದು. 1834ರಲ್ಲಿ ನಾಲ್ಕನೆಯ ವಿಲಿಯಂ ಮೆಲ್ಬರ್ನನ ಮಂತ್ರಿಮಂಡಲವನ್ನು ತಾನಾಗಿ ತೆಗೆದುಹಾಕಿ ನೋಡಿದನು. ಮರುವರ್ಷವೇ ಮೆಲ್ಬರ್ನನನ್ನು ಮತ್ತೆ ಕರೆಯಬೇಕಾಯಿತು. ಈ ಪಾಠವನ್ನು ಅವನ ಅನಂತರದವರು ಮರೆಯಲಿಲ್ಲ.

ಯೂರೋಪಿನ ಭೂಖಂಡದಲ್ಲಿ ಕಥೆ ಬೇರೆ. ಅಲ್ಲಿ 1814ರ ಫ್ರಾನ್ಸಿನ ಸನದಿನಂತೆ ಅರಸನು ತನ್ನ ಔದಾರ್ಯದಿಂದ ದಯಪಾಲಿಸಿದ ಸಂವಿಧಾನಗಳಿದ್ದವು. 1831ರ ಬೆಲ್ಜಿಯಮ್ಮಿನಂತೆ ಜನಪ್ರತಿನಿಧಿಗಳು ಮೊದಲು ಸಂವಿಧಾನವನ್ನು ಬರೆದು, ಅನಂತರ ಅದಕ್ಕೆ ಒಪ್ಪುವ ಅರಸನನ್ನು ಹುಡುಕಿ ತಂದು ಪ್ರಮಾಣಮಾಡಿಸಿದ ಸಂವಿಧಾನಗಳೂ ಇದ್ದವು. 1889ರ ಜಪಾನಿನ ಮೇಜಿ ಸಂವಿಧಾನವು ಮೊದಲನೆಯ ಜಾತಿಯದು. 1905ರಲ್ಲಿ ಸ್ವೀಡನ್ನಿನಿಂದ ಬೇರೆಯಾದ ನಾರ್ವೆಯು ಎರಡನೆಯದನ್ನು ಅದರ ತುದಿಗೆ ಮುಟ್ಟಿಸಿತು: ಆಹ್ವಾನಿತನಾದ ಡೆನ್ಮಾರ್ಕಿನ ರಾಜಕುಮಾರ ಕಾರ್ಲ್, ಜನರ ಅಭಿಮತವನ್ನು ಕೇಳದೆ ತಾನು ಬರಲಾರೆನೆಂದು ಹಟಹಿಡಿದನು, ಜನಮತಗಣನೆಯಲ್ಲಿ ಸುಮಾರು ಶೇಕಡ 79 ಮಂದಿ ಅರಸೊತ್ತಿಗೆಯ ಪರವಾಗಿ ನಿಂತ ಮೇಲೆ ಅವನು ಏಳನೆಯ ಹಾಕನ್ ಎಂಬ ಹೆಸರಿನಿಂದ ಪಟ್ಟಕ್ಕೆ ಬಂದನು. ಮೊದಲ ಮಹಾಯುದ್ಧದ ಕೊನೆಗೆ ರಷ್ಯ, ಜರ್ಮನಿ, ಆಸ್ಟ್ರಿಯ–ಹಂಗೆರಿಗಳ ಸಿಂಹಾಸನಗಳು ಉರುಳಿದಾಗ, ಬಿದ್ದವರು ಬಹುಮಟ್ಟಿಗೆ ಅಧಿಕಾರವನ್ನು ಬಿಗಿಹಿಡಿದವರು, ಉಳಿದವರು ಅದನ್ನು ಮೊದಲೇ ಸಡಿಲಬಿಟ್ಟವರು.

ತಟಸ್ಥಶಕ್ತಿಯೆಂಬ ಸಿದ್ಧಾಂತ

ಆಳದಿರುವ ಅರಸನಿಂದ ಏನು ಪ್ರಯೋಜನವೆಂಬ ಪ್ರಶ್ನೆಗೆ ಮೊದಲ ವ್ಯವಸ್ಥಿತ ಉತ್ತರವನ್ನು ಕೊಟ್ಟವನು ಬೆಂಜಮಿನ್ ಕಾನ್‌ಸ್ಟಂಟ್. ಕ್ರಾಂತಿಯ ಭೀಕರತೆಯನ್ನೂ ನೆಪೋಲಿಯನ್ನನ ಚಕ್ರಾಧಿಪತ್ಯವನ್ನೂ ಒಂದೇ ಜೀವಮಾನದಲ್ಲಿ ಕಂಡಿದ್ದ ಈ ಫ್ರೆಂಚ್ ಚಿಂತಕನು 1815ರಲ್ಲಿ ಮಂಡಿಸಿದ ವಾದವೇನೆಂದರೆ, ಶಾಸನ ಮಾಡುವ ಶಕ್ತಿ, ಕಾರ್ಯ ನಡೆಸುವ ಶಕ್ತಿ, ನ್ಯಾಯ ತೀರಿಸುವ ಶಕ್ತಿ ಈ ಮೂರೂ ಪರಸ್ಪರ ಘರ್ಷಿಸಿದಾಗ ಅವುಗಳನ್ನು ತಂತಮ್ಮ ಸ್ಥಾನಕ್ಕೆ ಮರಳಿಸಬಲ್ಲ, ಆದರೆ ಅವುಗಳಲ್ಲಿ ಯಾವುದರ ಕೆಲಸವನ್ನೂ ತಾನು ಮಾಡದ ನಾಲ್ಕನೆಯ ಶಕ್ತಿಯೊಂದು ಬೇಕು; ಮಂತ್ರಿಗಳಿಂದ ಬೇರೆಯಾದ ಅರಸನೇ ಆ ಶಕ್ತಿ.

ಈ ಸಿದ್ಧಾಂತವನ್ನು ಅಕ್ಷರಶಃ ಕಾರ್ಯಕ್ಕಿಳಿಸಿದ ದೇಶ ಬ್ರೆಜಿಲ್ ಎಂಬುದು ಚರಿತ್ರೆಯ ವಿನೋದಗಳಲ್ಲೊಂದು. 1824ರ ಅಲ್ಲಿನ ಸಂವಿಧಾನವು ಸಮತೋಲಕಶಕ್ತಿಯೆಂದು ಒಂದನ್ನು ಪ್ರತ್ಯೇಕವಾಗಿ ಹೇಳಿ ಅದನ್ನು ಚಕ್ರವರ್ತಿಗೆ ಒಪ್ಪಿಸಿತು. ವಿದ್ಯಾಪ್ರಿಯನೂ ಮಿತಭಾಷಿಯೂ ಆಗಿದ್ದ ಎರಡನೆಯ ಪೆದ್ರೊ ಅದನ್ನು ದಶಕಗಳ ಕಾಲ ಪ್ರಯೋಗಿಸಿ, ಪಕ್ಷಗಳನ್ನು ಸರದಿಯಂತೆ ಅಧಿಕಾರಕ್ಕೆ ತರುತ್ತ, ಸಭೆಗಳನ್ನು ವಿಸರ್ಜಿಸುತ್ತ ಬಂದನು. ಆದರೆ ಎಲ್ಲ ಪಕ್ಷಗಳನ್ನೂ ಸರಿತೂಗಿಸುವವನು ಕಡೆಗೆ ಯಾವ ಪಕ್ಷದ ಪ್ರೀತಿಯನ್ನೂ ಉಳಿಸಿಕೊಳ್ಳಲಾರನು. 1888ರಲ್ಲಿ ಗುಲಾಮಗಿರಿ ರದ್ದಾಗಿ ಭೂಮಾಲಿಕರು ದೂರವಾದರು. ಮರುವರ್ಷ ಸೈನ್ಯವು ಎದ್ದು ನಿಂತಾಗ ಅವನ ಪರವಾಗಿ ಕೈಯೆತ್ತುವವರು ಇರಲಿಲ್ಲ. ತಟಸ್ಥಶಕ್ತಿಯನ್ನು ಬಹಳವಾಗಿ ಬಳಸಿದರೆ ಅದು ತಟಸ್ಥವಾಗಿ ಉಳಿಯುವುದಿಲ್ಲ, ಬಳಸದೆಯೇ ಇದ್ದರೆ ಶಕ್ತಿಯಾಗಿ ಉಳಿಯುವುದಿಲ್ಲ. ಕಾನ್‌ಸ್ಟಂಟನ ಅನುಯಾಯಿಗಳು ಈ ತೊಡಕಿಗೆ ಇಂದಿಗೂ ತೃಪ್ತಿಕರವಾದ ಪರಿಹಾರವನ್ನು ಹೇಳಿಲ್ಲ.

ವೈಭವದ ಉಪಯೋಗ

1867ರಲ್ಲಿ ‘ದಿ ಇಂಗ್ಲಿಷ್ ಕಾನ್‌ಸ್ಟಿಟ್ಯೂಷನ್’ ಗ್ರಂಥವನ್ನು ಪ್ರಕಟಿಸಿದ ವಾಲ್ಟರ್ ಬ್ಯಾಜಟ್ ವೃತ್ತಿಯಿಂದ ಪತ್ರಿಕಾಸಂಪಾದಕ, ಅರಮನೆಯ ಭಕ್ತನಲ್ಲ. ರಾಜ್ಯವ್ಯವಸ್ಥೆಯಲ್ಲಿ ಕೆಲಸ ಮಾಡುವ ಭಾಗವೊಂದು, ಗೌರವವನ್ನು ಗಳಿಸಿಕೊಡುವ ಭಾಗವೊಂದು ಎಂದು ಎರಡನ್ನು ವಿಂಗಡಿಸಿ, ಮಂತ್ರಿಮಂಡಲವನ್ನು ಮೊದಲನೆಯದರಲ್ಲಿಯೂ ಸಿಂಹಾಸನವನ್ನು ಎರಡನೆಯದರಲ್ಲಿಯೂ ಇರಿಸಿದುದು ಅವನ ಮುಖ್ಯ ಸಾಧನೆ. ಅರಸನಿಗೆ ಉಳಿದ ಹಕ್ಕುಗಳು ಮೂರು ಮಾತ್ರ: ಮಂತ್ರಿಗಳು ತನ್ನೊಡನೆ ಸಮಾಲೋಚಿಸಬೇಕೆನ್ನುವುದು, ಅವರನ್ನು ಪ್ರೋತ್ಸಾಹಿಸುವುದು, ಅವರನ್ನು ಎಚ್ಚರಿಸುವುದು. ಮಂತ್ರಿಗಳು ಬಂದು ಹೋಗುತ್ತಿರಲು ಹಲವು ದಶಕಗಳ ಕಡತಗಳನ್ನು ಓದಿರುವ ಅರಸನ ಎಚ್ಚರಿಕೆಗೆ ತೂಕವಿರುತ್ತದೆಂಬುದು ಅವನ ನಂಬಿಕೆ.

ಈ ಮೂರು ಹಕ್ಕುಗಳು ಇಂದು ಪಠ್ಯಪುಸ್ತಕಗಳ ಸೂತ್ರವಾಗಿಬಿಟ್ಟಿವೆ. ಆದರೆ ಅವುಗಳ ಹಿಂದಿರುವ ತಾತ್ಸಾರವನ್ನು ಯಾರೂ ಹೆಚ್ಚಾಗಿ ಎತ್ತಿ ಹೇಳುವುದಿಲ್ಲ. ಬ್ಯಾಜಟನ ಅಭಿಪ್ರಾಯದಲ್ಲಿ ಸಾಮಾನ್ಯಜನರು ಸಂವಿಧಾನವೆಂಬ ಅಮೂರ್ತವಸ್ತುವನ್ನು ಗ್ರಹಿಸಲಾರರು. ಒಂದು ಕುಟುಂಬವನ್ನು, ಒಂದು ಮದುವೆಯನ್ನು ಗ್ರಹಿಸಬಲ್ಲರು. ಆದಕಾರಣ ಅವರ ಕಣ್ಣು ಮೆರವಣಿಗೆಯ ಮೇಲಿರುವಾಗ ಬಲ್ಲವರು ಒಳಗೆ ರಾಜ್ಯಭಾರವನ್ನು ನಡೆಸಬಹುದು. ಪ್ರಜೆಯನ್ನು ಪ್ರೇಕ್ಷಕನನ್ನಾಗಿಸುವ ಈ ಸಮರ್ಥನೆಯನ್ನು ಇಂದು ಸಿಂಹಾಸನದ ಕಟ್ಟಾ ಅಭಿಮಾನಿಯೂ ಬಹಿರಂಗವಾಗಿ ಆಡಲಾರನು.

ಇಪ್ಪತ್ತನೆಯ ಶತಮಾನದ ಸಮಾಜಶಾಸ್ತ್ರಜ್ಞರು ಅದನ್ನು ಹೆಚ್ಚು ಮರ್ಯಾದೆಯ ರೂಪದಲ್ಲಿ ಹೇಳಿದರು. 1953ರ ಎಲಿಜಬೆತ್ ರಾಣಿಯ ಪಟ್ಟಾಭಿಷೇಕವನ್ನು ಕುರಿತು ಎಡ್ವರ್ಡ್ ಷಿಲ್ಸ್ ಮತ್ತು ಮೈಕೆಲ್ ಯಂಗ್ ಬರೆದ ಪ್ರಬಂಧವು, ಆ ವಿಧಿಯಲ್ಲಿ ಸಮಾಜವು ತನ್ನ ಸಮಾನ ನೈತಿಕಮೌಲ್ಯಗಳನ್ನು ತಾನೇ ಪುನಃ ಸ್ಥಾಪಿಸಿಕೊಳ್ಳುತ್ತದೆಂದು ವಾದಿಸಿತು. ಅಂಥ ಮೌಲ್ಯೈಕ್ಯವು ಇದೆಯೆಂದು ಮೊದಲೇ ಭಾವಿಸಿಕೊಂಡು ಅದನ್ನೇ ಕಂಡುಹಿಡಿದಿರೆಂದು ನಾರ್ಮನ್ ಬರ್ನ್‌ಬಾಮ್ ಪ್ರತ್ಯುತ್ತರವಿತ್ತರು. ಚರಿತ್ರಕಾರ ಡೇವಿಡ್ ಕ್ಯಾನಡೈನ್ 1983ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನಾದಿಯೆಂದು ಜನ ನಂಬಿರುವ ರಾಜವೈಭವದ ಬಹುಭಾಗವು ಹತ್ತೊಂಬತ್ತನೆಯ ಶತಮಾನದ ಅಂತ್ಯದಿಂದೀಚೆಗೆ ರೂಪುಗೊಂಡುದೆಂದೂ, ಅರಸನ ಅಧಿಕಾರ ಇಳಿದಂತೆ ಮೆರವಣಿಗೆಯ ಆಡಂಬರ ಏರಿತೆಂದೂ ತೋರಿಸಿದರು. ಇದು ಖಂಡನೆಯಂತೆ ಕಂಡರೂ ನನ್ನ ದೃಷ್ಟಿಯಲ್ಲಿ ಬ್ಯಾಜಟನ ವಿಂಗಡಣೆಗೆ ದೊರೆತ ಅತ್ಯುತ್ತಮ ಪುರಾವೆ: ಕೆಲಸವು ಹೊರಟುಹೋದ ಮೇಲೆಯೇ ಗೌರವದ ಭಾಗವು ಶುದ್ಧರೂಪದಲ್ಲಿ ಬೆಳೆಯಿತು.

ಬೇರೆಯವರಿಗೆ ನಿಷಿದ್ಧವಾದ ಪೀಠ

ಇನ್ನೊಂದು ಪಂಥದವರ ಲಕ್ಷ್ಯವು ಅರಸನು ಏನು ಮಾಡುತ್ತಾನೆಂಬುದರ ಮೇಲಿಲ್ಲ. ಅವನು ಅಲ್ಲಿ ಕುಳಿತಿರುವುದರಿಂದ ಇತರರಿಗೆ ಏನು ಅಸಾಧ್ಯವಾಗುತ್ತದೆಂಬುದರ ಮೇಲಿದೆ. ಸೈನ್ಯದ ಪ್ರಮಾಣವಚನ, ನ್ಯಾಯಾಲಯದ ಹೆಸರು, ನಾಣ್ಯದ ಮೇಲಣ ಮುಖ ಇವೆಲ್ಲ ಪ್ರಧಾನಮಂತ್ರಿಯ ಕೈಗೆಟುಕದ ಎತ್ತರದಲ್ಲಿರುತ್ತವೆ. ಎಂಥ ಪ್ರಚಂಡ ಬಹುಮತವನ್ನು ಗಳಿಸಿದ ನಾಯಕನೂ ವಾರಕ್ಕೊಮ್ಮೆ ತನಗಿಂತ ಮೇಲಿನವರ ಮುಂದೆ ನಿಂತು ವರದಿ ಒಪ್ಪಿಸಬೇಕಾಗುತ್ತದೆ. ಇದರ ವಿಪರೀತ ದೃಷ್ಟಾಂತವಾಗಿ ಅವರು ಜರ್ಮನಿಯನ್ನು ತೋರಿಸುತ್ತಾರೆ. 1934ರ ಆಗಸ್ಟ್ 2ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ತೀರಿಕೊಂಡೊಡನೆ ಹಿಟ್ಲರನು ಆ ಪದವಿಯನ್ನು ತನ್ನದರಲ್ಲಿ ಲೀನಮಾಡಿಕೊಂಡನು. ಸೈನಿಕರು ಸಂವಿಧಾನದ ಹೆಸರಿನಲ್ಲಲ್ಲ, ಅವನ ಹೆಸರಿನಲ್ಲಿಯೇ ಪ್ರಮಾಣಮಾಡಿದರು. ಪೀಠವು ತುಂಬಿದ್ದಿದ್ದರೆ ಇದು ಇಷ್ಟು ಸುಲಭವಾಗಿ ನಡೆಯುತ್ತಿರಲಿಲ್ಲವೆಂಬುದು ಅವರ ತರ್ಕ.

ಸಿಂಹಾಸನಪಕ್ಷದ ವಾದಗಳಲ್ಲೆಲ್ಲ ಬಲವತ್ತರವಾದುದು ಇದೇ ಎಂದು ನನಗೆ ತೋರುತ್ತದೆ. ಆದರೆ ಅದನ್ನು ಇಟಲಿಯ ಮುಂದೆ ನಿಲ್ಲಿಸಿ ನೋಡದೆ ಒಪ್ಪುವಂತಿಲ್ಲ. ಅಲ್ಲಿ ಪೀಠವು ತುಂಬಿಯೇ ಇದ್ದಿತು.

ಸಂಕಟಕಾಲದ ಸಾಕ್ಷ್ಯ

1922ರ ಅಕ್ಟೋಬರ್ 28ರಂದು ಮುಸೊಲಿನಿಯ ಕಪ್ಪಂಗಿಯವರು ರೋಮಿನತ್ತ ನಡೆದು ಬರುತ್ತಿರಲು, ಪ್ರಧಾನಿ ಲುಯಿಜಿ ಫ್ಯಾಕ್ಟ ಸೈನಿಕಶಾಸನದ ಘೋಷಣೆಯನ್ನು ಸಿದ್ಧಪಡಿಸಿ ಅಂಕಿತಕ್ಕೆ ತಂದನು. ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲ್ ಅಂಕಿತ ಹಾಕಲಿಲ್ಲ. ಮರುದಿನ ಮುಸೊಲಿನಿಗೇ ಸರ್ಕಾರ ರಚಿಸುವ ಆಹ್ವಾನ ಹೋಯಿತು. ಮಂತ್ರಿಗಳ ಸಲಹೆಯಂತೆ ನಡೆಯಬೇಕಾದ ಅರಸನು ನಡೆಯದಿದ್ದುದರ ಫಲವನ್ನು ಇಟಲಿ ಇಪ್ಪತ್ತು ವರ್ಷ ಅನುಭವಿಸಿತು. 1943ರ ಜುಲೈಯಲ್ಲಿ ಅದೇ ಅರಸನು ಅದೇ ಸರ್ವಾಧಿಕಾರಿಯನ್ನು ಪದಚ್ಯುತಗೊಳಿಸಿ ಬಂಧಿಸಿದನೆಂಬುದೂ ನಿಜವೇ. ಹಿಟ್ಲರನನ್ನು ಹಾಗೆ ಪದಚ್ಯುತಗೊಳಿಸಬಲ್ಲ ಪೀಠವೊಂದು ಜರ್ಮನಿಯಲ್ಲಿ ಉಳಿದಿರಲಿಲ್ಲವೆಂಬುದನ್ನು ಪ್ರತಿಪಕ್ಷದವರೂ ಮರೆಯತಕ್ಕುದಲ್ಲ. ಆದರೂ ಜನರು ಕ್ಷಮಿಸಲಿಲ್ಲ. 1946ರ ಜೂನ್ 2ರ ಜನಮತಗಣನೆಯಲ್ಲಿ ಶೇಕಡ 54ರಷ್ಟು ಮತಗಳು ಗಣರಾಜ್ಯಕ್ಕೆ ಬಂದವು.

1940ರ ಏಪ್ರಿಲ್‌ನಲ್ಲಿ ಜರ್ಮನರು ನಾರ್ವೆಯನ್ನು ಆಕ್ರಮಿಸಿ, ತಮ್ಮ ಪಕ್ಷಪಾತಿಯಾದ ಕ್ವಿಸ್ಲಿಂಗನನ್ನು ಪ್ರಧಾನಿಯಾಗಿ ನೇಮಿಸಬೇಕೆಂದು ಒತ್ತಾಯಿಸಿದಾಗ, ಹಾಕನ್ ದೊರೆಯು ತನ್ನ ಮಂತ್ರಿಗಳ ಮುಂದೆ ಆಡಿದ ಮಾತಿನ ಸಾರಾಂಶವಿಷ್ಟು: ತೀರ್ಮಾನ ನಿಮ್ಮದು, ಆದರೆ ಜನರ ವಿಶ್ವಾಸವಿಲ್ಲದ ಈತನನ್ನು ನಾನು ನೇಮಿಸಲಾರೆ; ನೇಮಿಸಲೇಬೇಕೆಂದು ನೀವು ನಿಶ್ಚಯಿಸಿದರೆ ನಾನು ಪಟ್ಟವನ್ನು ತ್ಯಜಿಸುತ್ತೇನೆ. ಮಂತ್ರಿಗಳು ಅವನೊಡನೆ ನಿಂತರು. ಇಲ್ಲಿ ಗಮನಿಸಬೇಕಾದುದು ಆ ಧೈರ್ಯಕ್ಕಿಂತಲೂ ಅದರ ಕ್ರಮ: ಮಂತ್ರಿಗಳ ಅಧಿಕಾರವನ್ನು ಅವನು ಕಸಿದುಕೊಳ್ಳಲಿಲ್ಲ, ತನ್ನ ಸ್ಥಾನವನ್ನೇ ಪಣವಾಗಿಟ್ಟನು. ಸಂವಿಧಾನದ ಮೇರೆಯನ್ನು ಮೀರದೆ ಅರಸನೊಬ್ಬನು ಮಾಡಬಹುದಾದ ಪರಮಾವಧಿ ಕಾರ್ಯ ಇದಕ್ಕಿಂತ ಬೇರೊಂದನ್ನು ನಾನು ಕಾಣೆ.

ಸ್ಪೇನಿನ ದೃಷ್ಟಾಂತವು ಇನ್ನೂ ಜಟಿಲವಾದುದು. ವಾನ್ ಕಾರ್ಲೋಸ್ ಸಿಂಹಾಸನಕ್ಕೆ ಬಂದದ್ದು ಜನರಿಂದಲ್ಲ, 1969ರಲ್ಲಿ ಅವನನ್ನು ತನ್ನ ಉತ್ತರಾಧಿಕಾರಿಯಾಗಿ ಹೆಸರಿಸಿದ್ದ ಸರ್ವಾಧಿಕಾರಿ ಫ್ರಾಂಕೋನಿಂದ. ಆ ಕಳಂಕಿತ ಮೂಲದಿಂದ ಬಂದ ಅಧಿಕಾರವನ್ನು ಅವನು 1978ರ ಸಂವಿಧಾನಕ್ಕೆ ಬಿಟ್ಟುಕೊಟ್ಟನು. 1981ರ ಫೆಬ್ರವರಿ 23ರ ಸಂಜೆ ತೆಹೆರೋ ಎಂಬ ಅಧಿಕಾರಿಯು ಶಸ್ತ್ರಸಹಿತರಾದ ಸಿವಿಲ್ ಗಾರ್ಡ್ ಪಡೆಯವರೊಡನೆ ಸಂಸತ್ತಿಗೆ ನುಗ್ಗಿ ಸದಸ್ಯರನ್ನು ಒತ್ತೆಯಿರಿಸಿಕೊಂಡನು; ವೆಲೆನ್ಸಿಯದ ಬೀದಿಗಳಲ್ಲಿ ಟ್ಯಾಂಕುಗಳು ಸಂಚರಿಸಿದವು. ಅರಸನು ಒಬ್ಬೊಬ್ಬ ಸೇನಾಧಿಪತಿಯನ್ನೂ ದೂರವಾಣಿಯಲ್ಲಿ ಕರೆದು ಮಾತನಾಡಿ, ಮಧ್ಯರಾತ್ರಿ ಕಳೆದ ಮೇಲೆ ಸೇನಾಧಿಪತಿಯ ಉಡುಪಿನಲ್ಲಿಯೇ ದೂರದರ್ಶನದಲ್ಲಿ ಕಾಣಿಸಿಕೊಂಡು, ಸಂವಿಧಾನಕ್ಕೆ ವಿರುದ್ಧವಾದುದನ್ನು ಸಿಂಹಾಸನ ಸಹಿಸದೆಂದು ಸಾರಿದನು. ದಂಗೆ ಅಡಗಿತು. ಫ್ರಾಂಕೋನ ಸೈನ್ಯವು ಚುನಾಯಿತ ಅಧ್ಯಕ್ಷನೊಬ್ಬನ ಮಾತಿಗೆ ಹಾಗೆ ತಲೆಬಾಗುತ್ತಿತ್ತೆ? ಬಹುಶಃ ಇಲ್ಲ. ಆದರೆ ಸಂಸತ್ತಿಗೆ ಬಗ್ಗದ, ಅರಸನಿಗೆ ಮಾತ್ರ ಬಗ್ಗುವ ಸೈನ್ಯವಿರುವುದೇ ರೋಗವೆಂದೂ, ರೋಗವನ್ನು ಔಷಧಕ್ಕೆ ಕೀರ್ತಿಯೆಂದು ಎಣಿಸಬಾರದೆಂದೂ ವಿಮರ್ಶಕರು ಹೇಳುವುದರಲ್ಲಿ ಹುರುಳಿದೆ. ಆ ರಾತ್ರಿಯ ಕೀರ್ತಿಯೂ ಅಕ್ಷಯವಾಗಲಿಲ್ಲ. ಹಣಕಾಸಿನ ಅಪವಾದಗಳ ನಡುವೆ ಅದೇ ಅರಸನು 2014ರಲ್ಲಿ ಪಟ್ಟ ತ್ಯಜಿಸಿ, 2020ರಲ್ಲಿ ದೇಶವನ್ನೇ ಬಿಟ್ಟನು.

ನಮ್ಮ ನೆರೆಯ ನೇಪಾಳದಲ್ಲಿ ಸಂಕಟವು ಅರಮನೆಯಿಂದಲೇ ಬಂದಿತು. 1990ರ ಸಂವಿಧಾನವು ಸಾರ್ವಭೌಮತ್ವವನ್ನು ಜನತೆಗೆ ಕೊಟ್ಟು ವೀರೇಂದ್ರ ದೊರೆಯನ್ನು ಸಂವಿಧಾನಬದ್ಧನನ್ನಾಗಿಸಿತು. 2001ರ ಜೂನ್ 1ರ ರಾತ್ರಿ ಆ ಕುಟುಂಬವು ಅರಮನೆಯಲ್ಲಿಯೇ ಹತವಾಯಿತು. ಪಟ್ಟಕ್ಕೆ ಬಂದ ಜ್ಞಾನೇಂದ್ರನು 2005ರ ಫೆಬ್ರವರಿ 1ರಂದು ಸರ್ಕಾರವನ್ನು ಕಿತ್ತೊಗೆದು ಅಧಿಕಾರವನ್ನು ತಾನೇ ವಹಿಸಿಕೊಂಡನು. ಮಾವೋವಾದಿಗಳನ್ನು ಅಡಗಿಸುವುದು ಅವನು ಹೇಳಿದ ಕಾರಣ. ಹದಿನೈದು ತಿಂಗಳೊಳಗೆ ಬೀದಿಗಿಳಿದ ಜನ ಸಂಸತ್ತನ್ನು ಮರಳಿ ಪಡೆದರು. 2008ರ ಮೇ 28ರಂದು ಸಂವಿಧಾನಸಭೆಯು ಎರಡು ಶತಮಾನಗಳಿಗೂ ಮೀರಿದ ಷಾ ವಂಶದ ಆಳ್ವಿಕೆಯನ್ನು ಕೊನೆಗೊಳಿಸಿತು. ವಿರೋಧವಾಗಿ ಬಿದ್ದ ಮತಗಳು ನಾಲ್ಕೇ.

ಗಣರಾಜ್ಯವಾದಿಗಳ ಆಕ್ಷೇಪಗಳು

1776ರಲ್ಲಿ ಟಾಮಸ್ ಪೇಯ್ನ್ ‘ಕಾಮನ್ ಸೆನ್ಸ್’ ಪುಸ್ತಿಕೆಯಲ್ಲಿ ವಂಶಪರಂಪರೆಯ ಅಸಂಗತತೆಯನ್ನು ಹಾಸ್ಯಕ್ಕೀಡುಮಾಡಿದ ಮೇಲೆ ಆ ತಾತ್ತ್ವಿಕ ಆಕ್ಷೇಪಕ್ಕೆ ಹೊಸದಾಗಿ ಸೇರಿಸಬೇಕಾದುದು ಹೆಚ್ಚೇನೂ ಉಳಿದಿಲ್ಲ. ಖರ್ಚಿನ ವಾದವೂ ಅಷ್ಟೇನು ಆಳವಾದುದಲ್ಲ. ಬ್ರಿಟಿಷ್ ಅರಮನೆಗೆ 2024–25ರಲ್ಲಿ ಸಂದ ವಾರ್ಷಿಕ ಅನುದಾನ 8 ಕೋಟಿ 63 ಲಕ್ಷ ಪೌಂಡು. ಕಾವಲಿನ ವೆಚ್ಚ ಅದರಲ್ಲಿ ಸೇರಿಲ್ಲ. ಪ್ರವಾಸಿಗಳಿಂದ ಬರುವ ಲಾಭವನ್ನು ಎದುರಿಗೆ ತೋರಿಸುವವರೂ ಇದ್ದಾರೆ. ಅಧ್ಯಕ್ಷರಿಗೂ ಭವನಗಳುಂಟು, ಅಂಗರಕ್ಷಕರುಂಟು. ಈ ಲೆಕ್ಕದಿಂದ ಯಾರ ಮನಸ್ಸೂ ಬದಲಾಗಿರುವುದನ್ನು ನಾನು ಕಂಡಿಲ್ಲ.

ಗಂಭೀರವಾದ ಆಕ್ಷೇಪಗಳು ಎರಡು. ಮೊದಲನೆಯದು ಗೋಪ್ಯತೆಯದು. ಅರಮನೆಯ ಹಿತಾಸಕ್ತಿಯನ್ನು ಮುಟ್ಟುವ ಮಸೂದೆಗಳನ್ನು ಪಾರ್ಲಿಮೆಂಟು ಚರ್ಚಿಸುವ ಮೊದಲೇ ಅದರ ಸಮ್ಮತಿಗೆ ಕಳುಹಿಸುವ ಪದ್ಧತಿಯೊಂದು ಬ್ರಿಟನ್ನಿನಲ್ಲಿದೆ. ಎಲಿಜಬೆತ್ ರಾಣಿಯ ಕಾಲದಲ್ಲಿ ಸಾವಿರಕ್ಕೂ ಹೆಚ್ಚು ಮಸೂದೆಗಳು ಹಾಗೆ ಹೋಗಿದ್ದವೆಂದು ಗಾರ್ಡಿಯನ್ ಪತ್ರಿಕೆ 2021ರಲ್ಲಿ ವರದಿಮಾಡಿತು. ಬ್ಯಾಜಟನು ಹೇಳಿದ ಎಚ್ಚರಿಕೆಯ ಹಕ್ಕು ಮುಚ್ಚಿದ ಬಾಗಿಲಿನ ಹಿಂದೆ ಚಲಾವಣೆಯಾಗುವಾಗ ಅದು ಎಚ್ಚರಿಕೆಯೋ ಒತ್ತಡವೋ ಎಂಬುದನ್ನು ಹೊರಗಿನವನು ಅರಿಯುವ ಬಗೆ ಹೇಗೆ?

ಎರಡನೆಯದು ನಿಷ್ಫಲತೆಯದು. 2019ರಲ್ಲಿ ಬೋರಿಸ್ ಜಾನ್ಸನ್ನರ ಸಲಹೆಯಂತೆ ಪಾರ್ಲಿಮೆಂಟಿನ ಅಧಿವೇಶನವನ್ನು ಐದು ವಾರ ಮುಂದೂಡಲು ರಾಣಿಯು ಒಪ್ಪಿಗೆಯಿತ್ತಳು; ಸಲಹೆಯನ್ನು ತಳ್ಳಿಹಾಕಲು ಅವಳಿಗೆ ದಾರಿಯಿರಲಿಲ್ಲ. ಸೆಪ್ಟೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಕ್ರಮವನ್ನು ಅಸಿಂಧುಗೊಳಿಸಿದರು. ಸಂವಿಧಾನದ ಕಾವಲುಗಾರ ಅರಸನೆಂಬ ಮಾತು ಆ ದಿನ ಬಹಳ ಸೊರಗಿತು. ಕಾವಲು ಕಾದದ್ದು ನ್ಯಾಯಾಲಯ. ಸಲಹೆಯಂತೆಯೇ ನಡೆಯಬೇಕಾದ ಅರಸನು ಕಾಯಲಾರನು, ಸಲಹೆಯನ್ನು ಮೀರಬಲ್ಲ ಅರಸನು ಅಪಾಯಕಾರಿ. 1975ರ ನವೆಂಬರ್ 11ರಂದು ಆಸ್ಟ್ರೇಲಿಯದ ಗವರ್ನರ್ ಜನರಲ್ ಸರ್ ಜಾನ್ ಕರ್, ಕೆಳಮನೆಯಲ್ಲಿ ಬಹುಮತವಿದ್ದ ಪ್ರಧಾನಿ ವಿಟ್ಲಮ್‌ರನ್ನು ರಾಣಿಯ ಹೆಸರಿನ ಅಧಿಕಾರದಿಂದಲೇ ಪದಚ್ಯುತಗೊಳಿಸಿದುದು ಎರಡನೆಯ ಬಗೆಯ ಕಹಿ ಉದಾಹರಣೆ; ಆ ಗಾಯ ಅಲ್ಲಿ ಇಂದಿಗೂ ಪೂರ್ತಿ ಮಾಗಿಲ್ಲ.

ಈ ದ್ವಂದ್ವವನ್ನು ಕಂಡು ಕೆಲವು ದೇಶಗಳು ಉಳಿದ ಅಧಿಕಾರವನ್ನೂ ತೆಗೆದುಬಿಟ್ಟವು. ಸ್ವೀಡನ್ 1974ರ ಸಂವಿಧಾನದ ಮೂಲಕ ಪ್ರಧಾನಿಯ ಹೆಸರನ್ನು ಸೂಚಿಸುವ ಕೆಲಸವನ್ನು ಸಭಾಧ್ಯಕ್ಷನಿಗೆ ಕೊಟ್ಟಿತು. 2008ರಲ್ಲಿ ದಯಾಮರಣದ ಮಸೂದೆಗೆ ತನ್ನ ಮನಸ್ಸಾಕ್ಷಿ ಒಪ್ಪದೆಂದು ಲಕ್ಸೆಂಬರ್ಗಿನ ದೊರೆ ಹಿಂದೆಗೆದಾಗ, ಕಾಯಿದೆಗೆ ಅವನ ಸಮ್ಮತಿಯೇ ಬೇಡವೆಂದು ಸಂವಿಧಾನವನ್ನು ತಿದ್ದಲಾಯಿತು. ನೆದರ್ಲೆಂಡ್ಸ್ 2012ರಿಂದ ಮಂತ್ರಿಮಂಡಲ ರಚನೆಯ ಮಾತುಕತೆಗಳನ್ನು ಅರಮನೆಯಿಂದ ಸಂಸತ್ತಿಗೆ ಸಾಗಿಸಿತು. ಮತ್ತೊಂದು ತುದಿಯಲ್ಲಿ ಥಾಯ್ಲೆಂಡಿದೆ: 1932ರಲ್ಲಿಯೇ ನಿರಂಕುಶತೆ ಕೊನೆಗೊಂಡರೂ ಸೈನಿಕಕ್ರಾಂತಿಗಳು ಒಂದರ ಮೇಲೊಂದರಂತೆ ನಡೆದು ಅರಮನೆಯ ಮುದ್ರೆಯನ್ನು ಪಡೆದಿವೆ, ಅರಸನನ್ನು ನಿಂದಿಸಿದವನಿಗೆ ಪ್ರತಿ ಅಪರಾಧಕ್ಕೂ ಮೂರರಿಂದ ಹದಿನೈದು ವರ್ಷ ಸೆರೆವಾಸ ವಿಧಿಸುವ 112ನೆಯ ವಿಧಿ ಅಲ್ಲಿದೆ. ಟೀಕಿಸಲಾಗದ ಅರಸನು ಎಲ್ಲರ ಅರಸನೆಂಬುದನ್ನು ಸಾಬೀತುಮಾಡುವ ಉಪಾಯವೇ ಇಲ್ಲ.

ಮೈಸೂರಿನ ಅನುಭವ

ಕನ್ನಡಿಗರಿಗೆ ಈ ಪ್ರಶ್ನೆ ಹೊರಗಿನದಲ್ಲ. 1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿದಾಗ ಮಹಾರಾಜರು ಬದ್ಧರಾಗಿಯೇ ಇದ್ದರು; ಆದರೆ ಬಂಧನ ಕೆಳಗಿನಿಂದ ಬಂದುದಲ್ಲ, ಮೇಲಿನ ಬ್ರಿಟಿಷ್ ಸರ್ಕಾರದಿಂದ ಬಂದುದು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. 1907ರಲ್ಲಿ ನ್ಯಾಯವಿಧಾಯಕ ಸಭೆ ಸೇರಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ ಮಾದರಿಯೆನಿಸಿತು, ಗಾಂಧೀಜಿ ಅವರನ್ನು ರಾಜರ್ಷಿಯೆಂದರು. ಇಷ್ಟಾದರೂ ದಿವಾನರು ಉತ್ತರಕೊಡಬೇಕಾಗಿದ್ದುದು ಮಹಾರಾಜರಿಗೆ, ಸಭೆಗಲ್ಲ. ಒಳ್ಳೆಯ ಆಳ್ವಿಕೆಯೂ ಜವಾಬ್ದಾರಿ ಸರ್ಕಾರವೂ ಒಂದೇ ಅಲ್ಲವೆಂಬುದನ್ನು 1938ರ ಏಪ್ರಿಲಿನ ವಿದುರಾಶ್ವತ್ಥದ ಗೋಳೀಬಾರು ರಕ್ತದಲ್ಲಿ ಬರೆಯಿತು. ಮತ್ತು ಅದು ನಡೆದದ್ದು ಆ ರಾಜರ್ಷಿಯ ಕಾಲದಲ್ಲಿಯೇ.

1947ರ ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಅಂದಿನಿಂದ 1950ರ ಜನವರಿ 26ರ ವರೆಗೆ ಮೈಸೂರು ಯಥಾರ್ಥವಾಗಿ ಸಂವಿಧಾನಬದ್ಧ ಅರಸೊತ್ತಿಗೆಯ ಪದ್ಧತಿಯಲ್ಲಿ ನಡೆಯಿತೆನ್ನಬಹುದು. ಬಳಿಕ ಜಯಚಾಮರಾಜ ಒಡೆಯರು ರಾಜಪ್ರಮುಖರಾದರು, 1956ರಿಂದ ವಿಶಾಲ ಮೈಸೂರಿನ ರಾಜ್ಯಪಾಲರಾದರು. ಅದೇ ವ್ಯಕ್ತಿ, ಅದೇ ಸೌಜನ್ಯ, ಕಾಗದಗಳ ಮೇಲೆ ಅದೇ ಹಸ್ತಾಕ್ಷರ. ಮಂತ್ರಿಗಳ ಸಲಹೆಯಂತೆ ನಡೆಯುವ ಕೆಲಸವೂ ಅದೇ. ಬದಲಾದುದು ಅಧಿಕಾರದ ಮೂಲವೊಂದೇ. ಹುಟ್ಟಿನ ಬಲವಿಲ್ಲದೆಯೂ ಆ ಕೆಲಸ ನಡೆಯುತ್ತದೆಯೆ ಎಂಬ ಪ್ರಶ್ನೆಗೆ ಒಬ್ಬನೇ ಮನುಷ್ಯನ ಜೀವನದಲ್ಲಿ ಇಷ್ಟು ಶುದ್ಧವಾದ ಪ್ರಯೋಗ ಬೇರೆಲ್ಲಿ ನಡೆದೀತು! 1971ರಲ್ಲಿ ಇಪ್ಪತ್ತಾರನೆಯ ತಿದ್ದುಪಡಿಯಿಂದ ರಾಜಧನವೂ ಹೋಯಿತು. ವೈಭವದ ಭಾಗ ಮಾತ್ರ ಹೋಗಲಿಲ್ಲ. ವಿಜಯದಶಮಿಯ ಜಂಬೂಸವಾರಿಯಲ್ಲಿ ಮಹಾರಾಜರು ಕುಳಿತಿರುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಇಂದು ಚಾಮುಂಡೇಶ್ವರಿ ಕುಳಿತಿರುತ್ತಾಳೆ, ಬೀದಿಯಲ್ಲಿ ಜನ ಕಡಮೆಯಾಗಿಲ್ಲ. ಬ್ಯಾಜಟನು ಇದನ್ನು ಕಂಡಿದ್ದರೆ ತನ್ನ ಗ್ರಂಥಕ್ಕೊಂದು ಅಧ್ಯಾಯವನ್ನು ಸೇರಿಸುತ್ತಿದ್ದನೋ ಏನೋ.

ಭಾರತವೂ 1947ರ ಆಗಸ್ಟ್‌ನಿಂದ ಗಣರಾಜ್ಯವಾಗುವ ತನಕ ಆರನೆಯ ಜಾರ್ಜ್ ದೊರೆಯನ್ನು ನಾಮಮಾತ್ರಕ್ಕೆ ಅರಸನನ್ನಾಗಿ ಉಳ್ಳ ಡೊಮಿನಿಯನ್ ಆಗಿದ್ದುದನ್ನು ನಾವು ಮರೆಯುತ್ತೇವೆ. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತ ಅಂಬೇಡ್ಕರರು, ರಾಷ್ಟ್ರಪತಿಯ ಸ್ಥಾನವು ಇಂಗ್ಲೆಂಡಿನ ಅರಸನ ಸ್ಥಾನದಂಥದೇ ಎಂದು ಸ್ಪಷ್ಟಪಡಿಸಿದರು. ಪೀಠವನ್ನು ಉಳಿಸಿಕೊಂಡು ವಂಶವನ್ನು ತೆಗೆದುಹಾಕಿದುದು ನಮ್ಮ ಪರಿಹಾರ. ಅದು ನಿರ್ದೋಷವಲ್ಲ: 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಪತ್ರಕ್ಕೆ ಫಕ್ರುದ್ದೀನ್ ಅಲಿ ಅಹಮದ್ ಅಂಕಿತ ಹಾಕಿದರು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅವಕಾಶವನ್ನು 1978ರ ನಲವತ್ತನಾಲ್ಕನೆಯ ತಿದ್ದುಪಡಿ ಅನಂತರ ಕೊಟ್ಟಿತು. ಬ್ಯಾಜಟನು ಅರಸನಿಗೆ ಹೇಳಿದ ಎಚ್ಚರಿಕೆಯ ಹಕ್ಕನ್ನು ನಾವು ಕಾಯಿದೆಯಾಗಿ ಬರೆದುಕೊಂಡೆವು.

ಕಾರಣವೋ, ಲಕ್ಷಣವೋ

ಲಿಪ್ಸೆಟ್ಟರ ಎಣಿಕೆಗೆ ಮರಳೋಣ. ಅವರ ವಿವರಣೆ ಹೀಗಿದೆ: ಪ್ರಜಾಪ್ರಭುತ್ವವು ಬರುವಾಗ ಸಿಂಹಾಸನ ಉಳಿದ ನಾಡುಗಳಲ್ಲಿ ಹಳೆಯ ಶ್ರೀಮಂತವರ್ಗ, ಧರ್ಮಪೀಠ, ಸಂಪ್ರದಾಯಸ್ಥರು ಹೊಸ ವ್ಯವಸ್ಥೆಯನ್ನು ತಮ್ಮದೆಂದೇ ಭಾವಿಸಿದರು, ಅದು ಉರುಳಿದ ಫ್ರಾನ್ಸಿನಂಥ ನಾಡುಗಳಲ್ಲಿ ಆ ವರ್ಗಗಳು ಗಣರಾಜ್ಯವನ್ನು ತಲೆಮಾರುಗಳ ಕಾಲ ದ್ವೇಷಿಸಿದವು. ಇದು ಸೊಗಸಾದ ಉತ್ತರ. ಆದರೆ ಎಣಿಕೆಯಲ್ಲಿ ಸೇರಿದುವು ಉಳಿದುಕೊಂಡ ಅರಸೊತ್ತಿಗೆಗಳು ಮಾತ್ರ. ಅಸ್ಥಿರವಾದ ಇಟಲಿ, ಗ್ರೀಸ್, ನೇಪಾಳಗಳ ಅರಸರು ಅಸ್ಥಿರತೆಯಲ್ಲಿಯೇ ಕಳೆದುಹೋದರು, ಆ ನಾಡುಗಳು ಇಂದು ಗಣರಾಜ್ಯಗಳ ಪಟ್ಟಿಯಲ್ಲಿವೆ. ಭೂಕಂಪದಲ್ಲಿ ಬೀಳದೆ ನಿಂತ ಮನೆಗಳಲ್ಲೆಲ್ಲ ಅಜ್ಜನ ಕಾಲದ ತೊಟ್ಟಿಲಿರುವುದನ್ನು ಕಂಡು, ತೊಟ್ಟಿಲೇ ಮನೆಯನ್ನು ನಿಲ್ಲಿಸಿತೆಂದು ಹೇಳಿದರೆ ಹೇಗೋ ಹಾಗೆ ಆದೀತು. ಯುದ್ಧದಲ್ಲಿ ಸೋಲದ, ನೆರೆಯವರಿಂದ ನುಂಗಲ್ಪಡದ, ಹಸಿವು ಕಡಮೆಯಾದ ದೇಶಗಳು ತಮ್ಮ ಅರಸರನ್ನು ಓಡಿಸುವ ಅಗತ್ಯವನ್ನೇ ಕಾಣಲಿಲ್ಲವೆಂಬುದು ಅಷ್ಟೇ ಸಂಭಾವ್ಯವಾದ ಇನ್ನೊಂದು ವಿವರಣೆ. ಈ ಎರಡರ ನಡುವೆ ಅಂಕಿಸಂಖ್ಯೆಗಳಿಂದ ತೀರ್ಪು ಕೊಡುವಷ್ಟು ದೃಷ್ಟಾಂತಗಳು ಲೋಕದಲ್ಲಿಲ್ಲ.

ನನ್ನ ಮಟ್ಟಿಗೆ ತೋರುವುದಿಷ್ಟು: ಸಿಂಹಾಸನದ ಬೆಲೆಯು ಅರಸನ ವಿವೇಕದಲ್ಲಿರುವುದಕ್ಕಿಂತ, ಅಧಿಕಾರವನ್ನು ಜನ ಕೇಳುವ ಮೊದಲೇ ಬಿಟ್ಟುಕೊಟ್ಟ ಹಿಂದಿನ ತಲೆಮಾರುಗಳ ಸಂಯಮದಲ್ಲಿದೆ. ಅಂಥ ಸಂಯಮದ ಚರಿತ್ರೆಯಿರುವಲ್ಲಿ ಅದನ್ನು ಕೆಡವುವುದರಿಂದ ಬರುವ ಲಾಭ ಸಂದೇಹಾಸ್ಪದ. ಅದಿಲ್ಲದೆಡೆ ಹೊಸದಾಗಿ ನೆಡಲು ಹೋದರೆ ಕೈಗೆ ಬರುವುದು ವಿಕ್ಟರ್ ಇಮ್ಯಾನ್ಯುಯೆಲ್ಲನೋ ಹಾಕನ್ನನೋ ಎಂಬುದನ್ನು ಮೊದಲೇ ತಿಳಿಯುವ ಬಗೆಯಿಲ್ಲ.

ಇತ್ಯರ್ಥವಾಗದೆ ಉಳಿದವು

ಅರಸನಿಗೆ ಬದಲು ಯಾರು ಎಂಬುದು ಮೊದಲ ತೊಡಕು. 1999ರಲ್ಲಿ ಆಸ್ಟ್ರೇಲಿಯದ ಜನಮತಗಣನೆಯಲ್ಲಿ ಸುಮಾರು ಶೇಕಡ 55 ಮಂದಿ ಗಣರಾಜ್ಯವನ್ನು ತಿರಸ್ಕರಿಸಿದರು. ಅವರೆಲ್ಲರೂ ರಾಜಭಕ್ತರಾಗಿರಲಿಲ್ಲ, ಅಧ್ಯಕ್ಷನನ್ನು ಸಂಸತ್ತು ಆರಿಸಬೇಕೋ ಜನರೇ ಆರಿಸಬೇಕೋ ಎಂಬಲ್ಲಿ ಗಣರಾಜ್ಯವಾದಿಗಳೇ ಒಡೆದಿದ್ದರು. ಜನರೇ ಆರಿಸಿದವನು ಪ್ರಧಾನಿಗೆ ಪ್ರತಿಸ್ಪರ್ಧಿಯಾಗುತ್ತಾನೆ, ಪಕ್ಷಗಳು ಆರಿಸಿದವನು ಪಕ್ಷಗಳ ಋಣಿಯಾಗುತ್ತಾನೆ. ಬಾರ್ಬಡೋಸ್ 2021ರ ನವೆಂಬರ್ 30ರಂದು ಗಣರಾಜ್ಯವಾಗಿ, ಸಂಸತ್ತೇ ಅಧ್ಯಕ್ಷರನ್ನು ಆರಿಸುವ ದಾರಿಯನ್ನು ಹಿಡಿಯಿತು. ಬ್ರಿಟಿಷ್ ಅರಸನನ್ನೇ ಉಳಿಸಿಕೊಂಡಿರುವ ನೆರೆಯ ದ್ವೀಪಗಳು ನೋಡುತ್ತಿವೆ.

ಜಪಾನಿನ ತೊಡಕು ವಂಶದ್ದೇ. 1947ರ ಸಂವಿಧಾನವು ಚಕ್ರವರ್ತಿಯನ್ನು ರಾಷ್ಟ್ರದ ಮತ್ತು ಜನೈಕ್ಯದ ಸಂಕೇತವೆಂದಿತು. ಅದೇ ವರ್ಷದ ಅರಮನೆಯ ಕಾಯಿದೆಯು ಗಂಡುಸಂತತಿಗೆ ಮಾತ್ರ ಪಟ್ಟವನ್ನಿರಿಸಿತು. ಮುಂದಿನ ತಲೆಮಾರಿನಲ್ಲಿ ಅರ್ಹನಾಗಿ ಉಳಿದಿರುವವನು 2006ರಲ್ಲಿ ಹುಟ್ಟಿದ ಹಿಸಹಿತೊ ಒಬ್ಬನೇ. ಸ್ತ್ರೀಪುರುಷರ ಸಮಾನತೆಯನ್ನು ಸಾರುವ ಸಂವಿಧಾನದ ಸಂಕೇತವು ಆ ಸಮಾನತೆಗೆ ಹೊರತಾಗಿ ಉಳಿಯಬಹುದೆ, ಸಮಾನತೆಗಾಗಿ ಪರಂಪರೆಯನ್ನು ಬದಲಿಸಿದರೆ ಪರಂಪರೆಯೆಂಬ ಆಧಾರವೇ ಸಡಿಲವಾಗುವುದೆ ಎಂದು ಅಲ್ಲಿ ಚರ್ಚೆ ನಡೆದೇ ಇದೆ. ಬ್ರಿಟನ್ 2013ರಲ್ಲಿ, ಸ್ವೀಡನ್ 1980ರಲ್ಲಿಯೇ ಈ ಬದಲಾವಣೆಯನ್ನು ಸದ್ದಿಲ್ಲದೆ ಮಾಡಿ ಮುಗಿಸಿದವು.

ಇನ್ನು ಹಿಮಾಲಯದ ಎರಡು ರಾಜ್ಯಗಳು ವಿರುದ್ಧ ದಿಕ್ಕುಗಳಿಂದ ಪ್ರಶ್ನೆಯನ್ನು ಮತ್ತೆ ತೆರೆದಿವೆ. ಗಣರಾಜ್ಯವಾಗಿ ಹದಿನೇಳು ವರ್ಷಗಳಾಗುತ್ತ ಬಂದ ನೇಪಾಳದ ಕಾಠ್ಮಂಡುವಿನಲ್ಲಿ 2025ರ ಮಾರ್ಚ್‌ನಲ್ಲಿ ಅರಸನು ಮರಳಿ ಬರಲೆಂದು ಕೂಗುವ ಮೆರವಣಿಗೆಗಳು ನಡೆದವು. ಅದು ಜ್ಞಾನೇಂದ್ರನ ಮೇಲಣ ಪ್ರೀತಿಯೋ, ಪಕ್ಷನಾಯಕರ ಮೇಲಣ ಜುಗುಪ್ಸೆಯೋ ಎಂಬುದನ್ನು ಬಿಡಿಸಿ ಹೇಳುವುದು ಸುಲಭವಲ್ಲ. ಭೂತಾನದಲ್ಲಿ ಅರಸನೇ ಪ್ರಜೆಗಳಿಗೆ ಪ್ರಜಾಪ್ರಭುತ್ವವನ್ನು ಒಪ್ಪಿಸಿದನು. 2008ರ ಸಂವಿಧಾನವು ಅರವತ್ತೈದು ವರ್ಷಕ್ಕೆ ಅರಸನು ನಿವೃತ್ತನಾಗಬೇಕೆಂದೂ, ಸಂಸತ್ತು ಮತ್ತು ಜನಮತಗಣನೆಯ ಮೂಲಕ ಅವನನ್ನು ಪಟ್ಟದಿಂದಿಳಿಸಬಹುದೆಂದೂ ವಿಧಿಸಿತು. ಕೇಳದೆ ದೊರೆತ ಆ ಹಕ್ಕನ್ನು ಜನರು ಅರಸನ ಇಚ್ಛೆಗೆ ವಿರುದ್ಧವಾಗಿ ಎಂದಾದರೂ ಬಳಸಬಲ್ಲರೇ ಎಂಬುದಕ್ಕೆ ಇದುವರೆಗೆ ಅಲ್ಲಿ ಪರೀಕ್ಷೆಯೊದಗಿಲ್ಲ.